ಬೆಳಕಿಗೆ ಅರಳುವ ಸ್ಟೆಂಟ್: ಅಜೋಬೆಂಜೀನೋ, ಚಿನ್ನದ ನ್ಯಾನೋರಾಡೋ? ಮಾಡಿದವರು ಹೇಳಿ

ಮಡಿಕೆ: ಪಿಎಚ್‌ಡಿ ಎರಡನೇ ವರ್ಷ. ಶ್ವಾಸನಾಳದೊಳಗೆ ಮಡಚಿ ಇಟ್ಟು, ಬೆಳಕು ಬಿಟ್ಟಾಗ ಅರಳುವ ಸ್ಟೆಂಟ್ (ನಾಳ ಮುಚ್ಚಿಕೊಳ್ಳದಂತೆ ಹಿಡಿದಿಡುವ ಕೊಳವೆ) 3ಡಿ ಪ್ರಿಂಟ್ ಮಾಡಬೇಕು. ಬೆಳಕಿಗೇ ಅಣು ತಿರುಗುವ ಅಜೋಬೆಂಜೀನ್ ಹಿಡಿಯಲೋ, ಬೆಳಕು ಹೀರಿ ಬಿಸಿಯಾಗಿ, ಆ ಬಿಸಿಯಿಂದ ಪಾಲಿಮರನ್ನು ಅರಳಿಸುವ ಚಿನ್ನದ ನ್ಯಾನೋರಾಡ್ (ಅತಿಸಣ್ಣ ಕಡ್ಡಿ) ಹಿಡಿಯಲೋ? ಗೈಡ್ ಈ ತಿಂಗಳೇ ತೀರ್ಮಾನ ಕೇಳಿದ್ದಾರೆ. ದಯವಿಟ್ಟು ಅನುಭವ ತಿಳಿಸಿ.

ಚಿನ್ನದಕಡ್ಡಿ: ನಾನು ನ್ಯಾನೋರಾಡ್ ಹಿಡಿದವನು. ರಾಡ್ ಬೆಳೆಸಲು ಬಳಸುವ ಸಾಬೂನಿನಂಥ ರಾಸಾಯನಿಕ ಸಿಟಿಎಬಿ ತೊಳೆಯುವುದರಲ್ಲೇ ಅರ್ಧ ಆಯುಸ್ಸು ಹೋಯಿತು. ಉಳಿಸಿದರೆ ಜೀವಕೋಶಗಳು ಸಾಯುತ್ತವೆ, ಜಾಸ್ತಿ ತೊಳೆದರೆ ರಾಡ್‌ಗಳು ಒಂದಕ್ಕೊಂದು ಅಂಟಿಕೊಂಡು 808 ನ್ಯಾನೋಮೀಟರ್ ಅವಗೆಂಪು ಲೇಸರ್ ಬೆಳಕು ಹೀರುವ ಗುಣವೇ ಹೋಗುತ್ತದೆ. ಸಿಟಿಎಬಿ ಬದಲು ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್) ಹೊದಿಸಿದ್ದನ್ನು ಕೊಂಡೆವು. ಲೇಸರ್‌ಗೆ ಸುರಿದದ್ದಕ್ಕಿಂತ ಹೆಚ್ಚು ದುಡ್ಡು ಆ ಪುಟ್ಟ ಸೀಸೆಗಳಿಗೆ ಹೋಯಿತು. ಒಂದು ಬ್ಯಾಚ್‌ನಲ್ಲಿ ಬೆಳಕು ಹೀರುವ ಶಿಖರವೇ ಬೇರೆ ತರಂಗಾಂತರಕ್ಕೆ ಸರಿದಿತ್ತು, ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಬೆಳಕಿಗೆ ಗಟ್ಟಿಯಾಗುವ ಪ್ರಿಂಟಿಂಗ್ ರೆಸಿನ್‌ಗೆ ಬೆರೆಸಿದ ಮೇಲೆ ಇನ್ನೊಂದು ಕಾಟ: ಪ್ರಿಂಟರಿನ 405 ನ್ಯಾನೋಮೀಟರ್ ಬೆಳಕನ್ನೂ ಅದೇ ಕಣಗಳು ನುಂಗುತ್ತವೆ, ಪದರದ ಒಳಭಾಗ ಹಸಿಯಾಗೇ ಉಳಿಯುತ್ತದೆ. ಪದರ ತೆಳುಮಾಡಿ ಎಕ್ಸ್‌ಪೋಶರ್ ಏರಿಸಿದರೆ ಒಂದು ಮಾದರಿಗೆ ಇಡೀ ರಾತ್ರಿ. ಆದರೂ ಕೆಲವು ಮಿಲಿಮೀಟರ್ ಅಂಗಾಂಶದ ಆಚೆಯಿಂದ ಲೇಸರ್ ಬಿಟ್ಟಾಗ ಅರಳಿದ್ದು ನನ್ನದೇ.

ನಳಿಕೆತುದಿ: ಅರಳಿತು ಸರಿ, ಎಷ್ಟು ಡಿಗ್ರಿಗೆ ಅರಳಿತು ಅಂತ ಯಾಕೆ ಬರೆಯಲಿಲ್ಲ? ಸಾಮಾನ್ಯ ಪ್ರಿಂಟಿಂಗ್ ಪ್ಲಾಸ್ಟಿಕ್ ಪಿಎಲ್‌ಎ ಮೆದುವಾಗೋದೇ 60ರ ಆಸುಪಾಸಿನಲ್ಲಿ. 43 ದಾಟಿ ಸ್ವಲ್ಪ ಹೊತ್ತು ನಿಂತರೆ ಅಂಗಾಂಶಕ್ಕೆ ಪೆಟ್ಟು. ಚರ್ಮದ ಮೇಲೆ 808 ನ್ಯಾನೋಮೀಟರ್ ಲೇಸರ್‌ಗೆ ಸುರಕ್ಷತಾ ಮಿತಿ ಚದರ ಸೆಂಟಿಮೀಟರ್‌ಗೆ ಸುಮಾರು 0.33 ವ್ಯಾಟ್. ಅದರೊಳಗೆ ಎಷ್ಟು ಜನರ ಮಾದರಿ ಅರಳುತ್ತದೆ?

ನನ್ನದು ಅಜೋಬೆಂಜೀನ್ ಸೇರಿಸಿದ ದ್ರವಸ್ಫಟಿಕ ಇಲಾಸ್ಟೊಮರ್ (ಅಣುಗಳು ಸಾಲುಗಟ್ಟಿ ನಿಲ್ಲುವ ರಬ್ಬರಿನಂಥ ವಸ್ತು). ನಳಿಕೆಯಿಂದ ಎಳೆಯುವಾಗಲೇ ಅಣುಗಳು ಸಾಲುಗಟ್ಟುತ್ತವೆ, ನಾವು ಹಾಕಿದ ಗೆರೆಯ ದಿಕ್ಕಿಗೇ ವಸ್ತು ಕುಗ್ಗುತ್ತದೆ. ಆ ಖುಷಿ ಕಂಡವರಿಗೇ ಗೊತ್ತು. ಅದನ್ನು ಅಲುಗಿಸುವ 365 ನ್ಯಾನೋಮೀಟರ್ ನೇರಳಾತೀತ ಬೆಳಕು ಮಾತ್ರ ಮೇಲ್ಪದರದಲ್ಲೇ ಮುಗಿದುಹೋಗುತ್ತದೆ. ತೆಳು ಹಾಳೆ ಬಾಗುತ್ತದೆ, ದಪ್ಪ ಗೋಡೆ ಅಲುಗುವುದಿಲ್ಲ. ಹಸಿರು-ನೀಲಿ ಬೆಳಕಿಗೆ ಓಗೊಡುವ ಫ್ಲೋರಿನ್ ಸೇರಿದ ಬಗೆಗೆ ಬದಲಾಯಿಸಿದೆವು. ಸಂಶ್ಲೇಷಣೆಯ ಒಂದೊಂದು ಹಂತದಲ್ಲೂ ಇಳುವರಿ ಕುಸಿಯಿತು, ಶುದ್ಧೀಕರಿಸುವ ಕಾಲಮ್‌ಗೆ ಸುರಿದ ದ್ರಾವಕದ ಲೆಕ್ಕ ಕೇಳಬೇಡಿ. ಆದರೆ ಶ್ವಾಸನಾಳಕ್ಕೆ ಬ್ರಾಂಕೋಸ್ಕೋಪ್ (ಒಳಗೆ ನೋಡುವ ಕೊಳವೆ) ಹೇಗೂ ಇಳಿಯುತ್ತದೆ. ಬೆಳಕನ್ನು ಅದರ ಜೊತೆಯಲ್ಲೇ ಇಳಿಸಬಹುದಾದಾಗ ಅಂಗಾಂಶ ದಾಟಿಸುವ ಹಟ ಯಾಕೆ?

ಹಳೇಬೆಂಚು: ಇಬ್ಬರೂ ಸ್ಟೆರಿಲೈಸೇಶನ್ (ಸೂಕ್ಷ್ಮಾಣು ಕೊಲ್ಲುವ ಹಂತ) ಬಗ್ಗೆ ಒಂದು ಮಾತೂ ಆಡಲಿಲ್ಲ, ಅದೇ ನನ್ನ ಸಿಟ್ಟು. 2005ರಲ್ಲೇ ಪಾಲಿಮರ್ ವಿಜ್ಞಾನಿ ಆಂಡ್ರಿಯಾಸ್ ಲೆಂಡ್‌ಲೈನ್ ತಂಡ ಬಿಸಿಯಿಲ್ಲದೆ ಬೆಳಕಿನಿಂದಲೇ ಆಕಾರ ನೆನಪಿಡುವ ಪಾಲಿಮರ್ ತೋರಿಸಿತ್ತು. ಅಂದಿನಿಂದ ವಿಡಿಯೋಗಳು ಬರುತ್ತಲೇ ಇವೆ, ರೋಗಿಯ ಹತ್ತಿರ ಹೋದದ್ದು ಎಷ್ಟು? ಮಡಚಿದ ಸ್ಟೆಂಟನ್ನು 121 ಡಿಗ್ರಿ ಹಬೆಯ ಆಟೋಕ್ಲೇವ್‌ಗೆ ಹಾಕಿದರೆ ಚೀಲದೊಳಗೇ ಬಿಚ್ಚಿಕೊಳ್ಳುತ್ತದೆ. ಗಾಮಾ ಕಿರಣ ಕೊಟ್ಟರೆ ಪಾಲಿಮರ್ ಸರಪಳಿಗಳು ಕಡಿದೋ ಹೆಣೆದೋ ಹೋಗಿ ಅರಳುವ ತಾಪಮಾನವೇ ಸರಿಯುತ್ತದೆ. ಎಥಿಲೀನ್ ಆಕ್ಸೈಡ್ ಅನಿಲ ಒಂದೇ ಉಳಿದದ್ದು. ಆ ಚೇಂಬರಿನ ಬಿಸಿಗೂ ನಮ್ಮದು ನಿಧಾನವಾಗಿ ಬಾಯಿ ಬಿಟ್ಟಿತು. ಆಮೇಲೆ ವೈದ್ಯಕೀಯ ಸಾಧನ ದೇಹಕ್ಕೆ ಹೊಂದುತ್ತದೆಯೇ ಎಂದು ನೋಡುವ ಐಎಸ್‌ಒ 10993 ಪರೀಕ್ಷೆಯಲ್ಲಿ ಉಳಿಕೆ ಮಾನೋಮರ್ (ಪಾಲಿಮರ್ ಆಗದೆ ಉಳಿದ ಅಣು) ಸೋರಿತು. ಮತ್ತೆ ತೊಳೆ, ಮತ್ತೆ ಒಣಗಿಸು, ಮತ್ತೆ ಪರೀಕ್ಷಾಲಯಕ್ಕೆ ಪೂರಾ ಶುಲ್ಕ.

ಚಿನ್ನದಕಡ್ಡಿ: @ನಳಿಕೆತುದಿ, ಪಿಎಲ್‌ಎ ಅಂತ ನಾನು ಹೇಳಿಯೇ ಇಲ್ಲ. ನಮ್ಮ ಕೋಪಾಲಿಮರ್ 41ಕ್ಕೆ ಅರಳುತ್ತದೆ. ಥರ್ಮಲ್ ಕ್ಯಾಮೆರಾದಲ್ಲಿ 42 ದಾಟಿದ ಒಂದು ಚಿತ್ರವೂ ಇಲ್ಲ.

ನಳಿಕೆತುದಿ: ಕ್ಯಾಮೆರಾಗೆ ಕಾಣುವುದು ಮೇಲ್ಮೈ. ಒದ್ದೆ ಮಾದರಿಯಾದರೆ ನೀರಿನ ಪೊರೆಯ ತಾಪಮಾನ ಅಷ್ಟೇ. ಒಳಗೆ ಥರ್ಮೋಕಪಲ್ (ತಾಪ ಅಳೆಯುವ ಲೋಹದ ತಂತಿ) ಇಟ್ಟು ನೋಡಿ, ಆಮೇಲೆ ಮಾತಾಡೋಣ.

ಚಿನ್ನದಕಡ್ಡಿ: ಲೇಸರ್ ದಾರಿಯಲ್ಲಿ ಥರ್ಮೋಕಪಲ್ಲಾ! ಆ ಲೋಹವೇ ಬೆಳಕು ಹೀರಿ ಬಿಸಿಯಾಗುತ್ತದೆ, ಅದರ ಓದು ಯಾವ ಲೆಕ್ಕಕ್ಕೆ?

ಹಳೇಬೆಂಚು: ಲೋಹವಿಲ್ಲದ ಫೈಬರ್ ಆಪ್ಟಿಕ್ ಪ್ರೋಬ್ ಇದೆಯಲ್ಲ, ಇಬ್ಬರೂ ಅದನ್ನೇ ಒಳಗಿಟ್ಟು ಅಂಕಿ ಹಾಕಿ. ಪರೀಕ್ಷಾಲಯದವರು ನಮ್ಮನ್ನು ಮೊದಲು ಕೇಳಿದ್ದೂ ಅದನ್ನೇ, ಕ್ಯಾಮೆರಾ ಚಿತ್ರವನ್ನು ಅವರು ಮುಟ್ಟಲೂ ಇಲ್ಲ.

ಚಿನ್ನದಕಡ್ಡಿ: ಪ್ರೋಬ್ ಇದೆ. ನಾಳೆ ಗ್ರಾಫ್ ಹಾಕುತ್ತೇನೆ. ನಳಿಕೆತುದಿಯವರು ದಪ್ಪ ಗೋಡೆ ಅರಳಿದ ಒಂದು ವಿಡಿಯೋ ಹಾಕಲಿ.