ಡೀಪ್ ಸ್ಪೇಸ್ ನೈನ್: ಪ್ರಾಫೆಟ್‌ಗಳು ದೇವರಾ, ಅನ್ಯಜೀವಿಗಳಾ? ಸಿಸ್ಕೊ ಸತ್ತನಾ?

ಶಾಲ್ಮಲೆ ದಡ (ಶಿರಸಿ)
ನಮ್ಮ ಚರ್ಚಾಕೂಟದಲ್ಲಿ ಈ ಸಲ ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ (1993–99) ಇಟ್ಟುಕೊಂಡಿದ್ದೇವೆ. ಸಿಗುವುದು ಒಂದೂವರೆ ತಾಸು, ಬರುವವರಲ್ಲಿ ಅರ್ಧ ಜನ ಸರಣಿ ನೋಡಿದವರಲ್ಲ. ವರ್ಮ್‌ಹೋಲ್ (ಬಾಹ್ಯಾಕಾಶದ ಸುರಂಗ) ಒಳಗಿರುವ ಪ್ರಾಫೆಟ್‌ಗಳನ್ನು ಬಜೋರ್ ಗ್ರಹದವರು ದೇವರೆಂದು ಪೂಜಿಸುತ್ತಾರೆ, ಭೂಮಿಯೂ ಸೇರಿದ ಒಕ್ಕೂಟದ ಪಡೆ ಸ್ಟಾರ್‌ಫ್ಲೀಟ್‌ನವರು ಅನ್ಯಜೀವಿಗಳು ಎನ್ನುತ್ತಾರೆ. ಸರಣಿ ಯಾರ ಪಕ್ಷ? ಕೊನೆಗೆ ಕಥಾನಾಯಕ, ಸ್ಟಾರ್‌ಫ್ಲೀಟ್ ಅಧಿಕಾರಿ ಸಿಸ್ಕೊಗೆ ಆದದ್ದು ಸಾವಾ, ಮೋಕ್ಷವಾ? ಯಾವ ಕಂತು ತೋರಿಸಬೇಕು ಅಂತಲೂ ಹೇಳಿ.

ಕಾಳಿ ಅಳಿವೆ (ಕಾರವಾರ)
ಮೊದಲು ಒಂದು ಕೆಲಸ ಮಾಡಿ: ಪಾತ್ರಗಳು ನಂಬಿದ್ದು ಒಂದು ಕಡೆ, ತೆರೆಯ ಮೇಲೆ ನಿಜವಾಗಿ ನಡೆದದ್ದು ಇನ್ನೊಂದು ಕಡೆ ಬರೆದುಕೊಳ್ಳಿ. ಇವೆರಡನ್ನು ಕಲಸಿಬಿಟ್ಟರೆ ಚರ್ಚೆ ಹತ್ತೇ ನಿಮಿಷಕ್ಕೆ ಆಸ್ತಿಕ-ನಾಸ್ತಿಕ ಜಗಳವಾಗುತ್ತದೆ.

ನಡೆದದ್ದು ಇಷ್ಟು. ಮೊದಲ ಕಂತು ‘ಎಮಿಸರಿ’ಯಲ್ಲಿ ಪ್ರಾಫೆಟ್‌ಗಳಿಗೆ ಸ್ವಂತ ಮುಖವೇ ಇಲ್ಲ. ಸಿಸ್ಕೊನ ತೀರಿಹೋದ ಹೆಂಡತಿ, ಮಗ, ಇನ್ನೊಂದು ಹಡಗಿನ ಕ್ಯಾಪ್ಟನ್ ಪಿಕಾರ್ಡ್, ಹೀಗೆ ಅವನ ನೆನಪಿನಲ್ಲಿರುವವರ ರೂಪದಲ್ಲೇ ಮಾತಾಡುತ್ತಾರೆ. ನಿನ್ನೆ-ನಾಳೆ ಅಂದರೆ ಏನೆಂದೇ ಗೊತ್ತಿಲ್ಲ. ಬೇಸ್‌ಬಾಲ್ ಉದಾಹರಣೆ ಕೊಟ್ಟು ಅವನೇ ತಿಳಿಸಬೇಕಾಗುತ್ತದೆ. ಹಾಗಾಗಿ ಅವರ ಭವಿಷ್ಯವಾಣಿಯನ್ನು ಊಹೆ ಎನ್ನಲಾಗದು, ಅವರಿಗೆ ಅದು ಕಣ್ಣೆದುರಿಗೇ ಇರುವ ಸಂಗತಿ. ಆರನೇ ಸೀಸನ್ನಿನ ‘ಸ್ಯಾಕ್ರಿಫೈಸ್ ಆಫ್ ಏಂಜೆಲ್ಸ್’ನಲ್ಲಿ ಶತ್ರು ಸಾಮ್ರಾಜ್ಯ ಡೊಮಿನಿಯನ್‌ನ 2800 ಹಡಗುಗಳನ್ನು ವರ್ಮ್‌ಹೋಲ್‌ನೊಳಗೇ ಮಾಯ ಮಾಡುತ್ತಾರೆ. ಅದೂ ಪುಕ್ಕಟೆ ಅಲ್ಲ, ಸಿಸ್ಕೊ ಬೆಲೆ ತೆರಬೇಕೆಂದು ಅಲ್ಲೇ ಹೇಳುತ್ತಾರೆ.

ಇಷ್ಟೇ ನೋಡಿದರೆ ದೇವರೇ ಅನ್ನಿಸುತ್ತದೆ. ಆದರೆ ಅದೇ ಸೀಸನ್ನಿನ ‘ದಿ ರೆಕನಿಂಗ್’ ನೋಡಿ. ಬಜೋರ್‌ನ ಅಧಿಕಾರಿ ಕಿರಾ ಮೈಮೇಲೆ ಪ್ರಾಫೆಟ್ ಬರುತ್ತದೆ, ಸಿಸ್ಕೊನ ಮಗ ಜೇಕ್ ಮೈಮೇಲೆ ಪ್ರಾಫೆಟ್‌ಗಳ ಶತ್ರು ಪಾ-ರೇತ್. ಮಗನ ಜೀವ ಹೋದರೂ ಸೈ, ಕಾಳಗ ನಡೆಯಲಿ ಎಂದು ಸಿಸ್ಕೊ ಬಿಟ್ಟು ನಿಲ್ಲುತ್ತಾನೆ. ನಿಲ್ಲಿಸುವವಳು ಬಜೋರ್‌ನ ಧರ್ಮಗುರು ಕಾಯ್ ವಿನ್: ಕ್ರೋನಿಟಾನ್ ವಿಕಿರಣ ಹರಿಸುತ್ತಾಳೆ, ಇಬ್ಬರೂ ಮೈಬಿಟ್ಟು ಓಡುತ್ತಾರೆ. ಒಂದು ಕಣದ ವಿಕಿರಣಕ್ಕೆ ಜಾಗ ಖಾಲಿ ಮಾಡುವವರು ಪ್ರಕೃತಿಯ ಆಚೆಗಿನವರಂತೂ ಅಲ್ಲ. ಅವರನ್ನು ದೇವರೆಂದು ನಂಬಿದ ಗುರುವೇ ಆ ಗುಂಡಿ ಒತ್ತುವುದು, ನಂಬದ ಊರಿಂದ ಬಂದ ಕ್ಯಾಪ್ಟನ್ ಕೈಕಟ್ಟಿ ನಿಲ್ಲುವುದು. ಸರಣಿಯ ಜಾಣತನ ಇರುವುದು ಇಲ್ಲಿ.

ನನ್ನ ಲೆಕ್ಕದಲ್ಲಿ ಸರಣಿ ಯಾರ ಪಕ್ಷವೂ ಅಲ್ಲ. ಅವರು ಯಾವುದರಿಂದ ಆದವರು ಎಂಬುದಕ್ಕೆ ಸ್ಟಾರ್‌ಫ್ಲೀಟ್ ಉತ್ತರ ಸರಿ. ಅವರ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಆ ಉತ್ತರ ಸಾಲದು.

ಕಂತಿನ ವಿಷಯ: ‘ಎಮಿಸರಿ’ ಎರಡು ಕಂತಿನಷ್ಟು ಉದ್ದ, ಪೂರ್ತಿ ಹಾಕಿದರೆ ನಿಮ್ಮ ಹೊತ್ತೆಲ್ಲ ಅಲ್ಲೇ ಮುಗಿಯಿತು. ವರ್ಮ್‌ಹೋಲ್ ಸಂಭಾಷಣೆಗಳನ್ನಷ್ಟೇ ಆಯ್ದು ಹದಿನೈದು ನಿಮಿಷ ತೋರಿಸಿ. ಆಮೇಲೆ ‘ದಿ ರೆಕನಿಂಗ್’ ಇಡಿಯಾಗಿ, ಮುಕ್ಕಾಲು ತಾಸು. ಉಳಿದ ಅರ್ಧ ತಾಸು ಮಾತಿಗೆ.

ಹೊನ್ನೆಗುಡಿ (ಕುಮಟಾ)
‘ರೆಕನಿಂಗ್’ ಹೊಸಬರಿಗೆ ತಲೆಬುಡ ಹತ್ತುವುದಿಲ್ಲ ಮಾರಾಯ್ರೆ, ಪಾ-ರೇತ್ ಯಾರೆಂದು ವಿವರಿಸುವುದರಲ್ಲೇ ಹೊತ್ತು ಹೋಗುತ್ತದೆ. ಮೊದಲ ಸೀಸನ್ನಿನ ಕೊನೆಯ ‘ಇನ್ ದಿ ಹ್ಯಾಂಡ್ಸ್ ಆಫ್ ದಿ ಪ್ರಾಫೆಟ್ಸ್’ ಹಾಕಿ. ಶಾಲೆಯಲ್ಲಿ ಕೀಕೋ ಪಾಠ ಮಾಡುವಾಗ ಅನ್ಯಜೀವಿ ಅನ್ನಬೇಕೋ ದೇವರು ಅನ್ನಬೇಕೋ ಎಂಬುದೇ ಅಲ್ಲಿಯ ಜಗಳ, ನಿಮ್ಮ ಮೊದಲ ಪ್ರಶ್ನೆಯೇ.

ಇನ್ನೊಂದು: ಪ್ರಾಫೆಟ್‌ಗಳನ್ನು ಸಜ್ಜನರು ಎಂದು ಒಪ್ಪಿಕೊಂಡು ಹೊರಡಬೇಡಿ. ಏಳನೇ ಸೀಸನ್ನಿನ ಶುರುವಿನಲ್ಲಿ, ಸಿಸ್ಕೊ ಹುಟ್ಟಲೆಂದೇ ಒಬ್ಬ ಪ್ರಾಫೆಟ್ ಸಾರಾ ಎಂಬವಳ ಮೈ ಹೊಕ್ಕು ಮದುವೆ ಮಾಡಿಸಿದ್ದು ಬಯಲಾಗುತ್ತದೆ. ಅವಳನ್ನು ಯಾರೂ ಕೇಳಿರಲಿಲ್ಲ. ಸರಣಿ ಇದನ್ನು ಬೇಗ ದಾಟಿಬಿಡುತ್ತದೆ, ನೀವು ದಾಟಬೇಡಿ.

ಶಾಲ್ಮಲೆ ದಡ (ಶಿರಸಿ)
ಆದರೆ ಮೊದಲ ಕಂತಿನಲ್ಲಿ ಮನುಷ್ಯರೆಂದರೇನೆಂದೇ ಗೊತ್ತಿಲ್ಲದವರು ಅವನ ಹುಟ್ಟನ್ನೇ ಹೊಂದಿಸಿದ್ದು ಹೇಗೆ?

ಕಾಳಿ ಅಳಿವೆ (ಕಾರವಾರ)
ಕಥೆಯೊಳಗಿನ ಉತ್ತರ: ಕಾಲವೇ ಇಲ್ಲದವರಿಗೆ ‘ಕಲಿಯುವ ಮೊದಲು’ ಎಂಬುದೂ ಇಲ್ಲ. ಅವರು ಹಿಂದಕ್ಕೂ ಕೈ ಹಾಕಬಲ್ಲರು ಎಂಬುದಕ್ಕೆ ನಾಲ್ಕನೇ ಸೀಸನ್ನಿನ ‘ಅಕ್ಸೆಷನ್’ ಇದೆ. ಇನ್ನೂರಕ್ಕೂ ಹೆಚ್ಚು ವರ್ಷ ಹಿಂದಿನ ಕವಿ ಅಕೊರೆಮ್‌ನನ್ನು ಅವನ ಕಾಲಕ್ಕೇ ವಾಪಸ್ ಕಳಿಸುತ್ತಾರೆ, ಅವನ ಅರ್ಧಕ್ಕೆ ನಿಂತ ಕವಿತೆ ಪೂರ್ಣವಾಗಿಬಿಡುತ್ತದೆ. ಹಳೆಯದು ತಮಗೆ ಇನ್ನೂ ಹೇಗೆ ನೆನಪಿದೆ ಎಂದು ಕಿರಾ ತಬ್ಬಿಬ್ಬಾಗುತ್ತಾಳೆ. ಕಥೆಯ ಹೊರಗೆ ನಿಂತು ನೋಡಿದರೆ ಸಾರಾ ಪ್ರಸಂಗ ಆಮೇಲೆ ಹಚ್ಚಿದ ತೇಪೆ, ಹೊಲಿಗೆ ಕಾಣುತ್ತದೆ.

ತದಡಿ ಬಾರ್ಜು (ಗೋಕರ್ಣ)
ಪರಲೋಕದ ಬಗ್ಗೆ ಯಾರೂ ಮುಟ್ಟಲಿಲ್ಲ. ಈ ಸರಣಿಯಲ್ಲಿ ಪರಲೋಕ ಒಂದಲ್ಲ, ಜನಾಂಗಕ್ಕೊಂದು. ವ್ಯಾಪಾರಿ ಜನಾಂಗದ ಫೆರೆಂಗಿಗಳಿಗೆ ಲಾಭ ಮಾಡಿ ಸತ್ತರೆ ದೈವೀ ಖಜಾನೆ. ಯೋಧ ಜನಾಂಗದ ಕ್ಲಿಂಗನ್‌ರಿಗೆ ಸ್ಟೋವೊಕೋರ್ ಎಂಬ ವೀರಸ್ವರ್ಗ, ಅದೂ ವೀರಮರಣವಾದರೆ. ಕ್ಲಿಂಗನ್ ಅಧಿಕಾರಿ ವೋರ್ಫ್‌ನ ಹೆಂಡತಿ ಜಾಡ್ಜಿಯಾ ಸತ್ತದ್ದು ಯುದ್ಧದಲ್ಲಲ್ಲ, ಅದಕ್ಕೇ ಅವಳ ಹೆಸರಿನಲ್ಲಿ ಅವನು ಶತ್ರುಗಳ ಹಡಗುಕಟ್ಟೆಯ ಮೇಲೆ ದಾಳಿಗೆ ಹೊರಡುತ್ತಾನೆ (‘ಶ್ಯಾಡೋಸ್ ಆ್ಯಂಡ್ ಸಿಂಬಲ್ಸ್’). ತೀರಿಹೋದವರ ಗತಿ ಉಳಿದವರ ಕರ್ಮದ ಮೇಲೆ ನಿಂತಿದೆ ಎಂಬುದು ಕೋಟಿತೀರ್ಥದಲ್ಲಿ ಪಿಂಡ ಬಿಡಲು ಬರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಅವಳು ಅಲ್ಲಿ ತಲುಪಿದಳೋ ಇಲ್ಲವೋ, ಸರಣಿ ತೋರಿಸುವುದಿಲ್ಲ. ತೋರಿಸುವುದು ವೋರ್ಫ್‌ನ ದುಃಖ ಇಳಿದದ್ದನ್ನು ಮಾತ್ರ.

ಸಿಸ್ಕೊ ವಿಷಯಕ್ಕೆ ಸಾವು ಅನ್ನುವುದೂ ತಪ್ಪು, ಮೋಕ್ಷ ಅನ್ನುವುದೂ ತಪ್ಪು. ಬಜೋರ್‌ನ ಬೆಂಕಿಯ ಗುಹೆಗಳಲ್ಲಿ ತನ್ನ ಬದ್ಧವೈರಿ ಡುಕಾಟ್‌ನ ಜೊತೆ ಬೀಳುತ್ತಾನೆ, ಪ್ರಾಫೆಟ್‌ಗಳು ಎತ್ತಿಕೊಳ್ಳುತ್ತಾರೆ. ಮೋಕ್ಷವಾದವನು ಬಸುರಿ ಹೆಂಡತಿಗೆ ‘ವರ್ಷದಲ್ಲಿ ಬರಬಹುದು, ನಿನ್ನೆಯೂ ಬರಬಹುದು’ ಎಂಬರ್ಥದ ಮಾತು ಹೇಳಿ ಹೋಗುವುದಿಲ್ಲ. ಆ ಮಾತು ಬಂದದ್ದರ ಹಿಂದೆ ತತ್ತ್ವಕ್ಕಿಂತ ದೊಡ್ಡ ಕಾರಣವಿದೆ: ಕಪ್ಪು ಜನಾಂಗದ ತಂದೆಯೊಬ್ಬ ಗರ್ಭಿಣಿ ಹೆಂಡತಿಯನ್ನು ಬಿಟ್ಟು ಹೋಗುವಂತೆ ತೋರಿಸುವುದು ಸರಿಯಲ್ಲ ಎಂದು ನಟ ಏವರಿ ಬ್ರೂಕ್ಸ್ ಹೇಳಿದ್ದರಿಂದ ದೃಶ್ಯ ಬದಲಾಯಿತು. ಇದನ್ನು ಚರ್ಚೆಯ ಕೊನೆಗೇ ಹೇಳಿ. ಮೊದಲೇ ಹೇಳಿದರೆ ಎಲ್ಲರೂ ಅದನ್ನೇ ಹಿಡಿದು ಕೂರುತ್ತಾರೆ, ವರ್ಮ್‌ಹೋಲ್ ಕಡೆ ಯಾರೂ ತಿರುಗುವುದಿಲ್ಲ.

ಹೊನ್ನೆಗುಡಿ (ಕುಮಟಾ)
‘ದೇವರಿಲ್ಲ ಅಂತ ಸ್ಟಾರ್ ಟ್ರೆಕ್ ಹೇಳಿಬಿಟ್ಟಿದೆ’ ಎಂದು ಯಾರಾದರೂ ಇನ್ನೊಂದು ಸ್ಟಾರ್ ಟ್ರೆಕ್ ಸರಣಿ ವಾಯೇಜರ್‌ನ ‘ಮಾರ್ಟಲ್ ಕಾಯಿಲ್’ ಕಂತು ಎತ್ತುತ್ತಾರೆ, ತಯಾರಿರಿ. ಸತ್ತು ಬದುಕಿದ ನೀಲಿಕ್ಸ್ ತನಗೆ ಏನೂ ಕಾಣಲಿಲ್ಲ ಎನ್ನುತ್ತಾನೆ, ನಿಜ. ಆದರೆ ಅದೇ ಸರಣಿಯ ‘ಬಾರ್ಜ್ ಆಫ್ ದಿ ಡೆಡ್’ನಲ್ಲಿ ಅರ್ಧ ಕ್ಲಿಂಗನ್ ಆದ ಬೆಲಾನಾಗೆ ಸತ್ತವರ ದೋಣಿ ಪೂರ್ತಿ ಕಾಣುತ್ತದೆ. ಎರಡನ್ನೂ ಎದುರಿಗಿಟ್ಟು ಮುಂದೆ ಹೋಗಿ.