ಸಹಾಯ ಬೇಕು: ವಾರ್ಡ್ ಇನ್‌ಚಾರ್ಜ್ ಆಗಿ ಯಾರನ್ನು ಆರಿಸಲಿ?

ಎಲ್ಲರಿಗೂ ನಮಸ್ಕಾರ. 60 ಹಾಸಿಗೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾನು ನರ್ಸಿಂಗ್ ಸೂಪರಿಂಟೆಂಡೆಂಟ್. ಮೆಡಿಕಲ್ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಮುಂದಿನ ತಿಂಗಳು ನಿವೃತ್ತರಾಗ್ತಿದ್ದಾರೆ. ಆ ಜಾಗಕ್ಕೆ ಇಬ್ಬರಿದ್ದಾರೆ.

ಒಬ್ಬರು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ), 14 ವರ್ಷದ ಅನುಭವ. ಎಷ್ಟೇ ಸಣ್ಣ ನರ ಇದ್ದರೂ ಒಂದೇ ಸಲಕ್ಕೆ ಕ್ಯಾನುಲಾ (ಡ್ರಿಪ್ ಕೊಡೋ ಸಣ್ಣ ನಳಿಕೆ) ಹಾಕ್ತಾರೆ. ಆದರೆ ಕೆಲಸ ಹಂಚೋಕೆ ಬರಲ್ಲ, ಎಲ್ಲಾ ತಾವೇ ಮೈಮೇಲೆ ಹಾಕ್ಕೊಂಡು ಸುಸ್ತಾಗ್ತಾರೆ. ಇನ್ನೊಬ್ಬರು ಬಿಎಸ್‌ಸಿ ನರ್ಸಿಂಗ್, ಸೇರಿ ಐದೇ ವರ್ಷ. ಹೋದ ವರ್ಷ ಹೊಸ ಹುಡುಗಿಯೊಬ್ಬಳು ತಪ್ಪು ಡೋಸ್ ಕೊಡೋದರಲ್ಲಿದ್ದಳು. ಎಲ್ಲರೆದುರು ಬೈಯದೆ, ಪಕ್ಕಕ್ಕೆ ಕೂರಿಸಿಕೊಂಡು ಇನ್ಸಿಡೆಂಟ್ ರಿಪೋರ್ಟ್ ಬರೆಸಿದ್ದು ಇವರೇ. ಅದು ನನ್ನ ಮನಸ್ಸಿನಿಂದ ಹೋಗಿಲ್ಲ.

ಮ್ಯಾನೇಜ್‌ಮೆಂಟಿನವರದ್ದು ಸೀನಿಯಾರಿಟಿ ಒಂದೇ ಮಂತ್ರ. ಸೂಜಿ ಹಿಡಿಯೋ ಕೈ ಬೇರೆ, ರೋಸ್ಟರ್ (ಡ್ಯೂಟಿ ಪಟ್ಟಿ) ಹಾಕೋ ತಲೆ ಬೇರೆ ಅಲ್ವಾ? ಇಂಡೆಂಟು (ಸಾಮಾನು ತರಿಸೋ ಪಟ್ಟಿ), ಕ್ರ್ಯಾಶ್ ಕಾರ್ಟು (ತುರ್ತು ಔಷಧಿ-ಸಲಕರಣೆ ಗಾಡಿ), ಪಾಳಿ ಬದಲಾಗುವಾಗಿನ ಹ್ಯಾಂಡೋವರು, ರೋಗಿ ಕಡೆಯವರ ಗಲಾಟೆ, ಡಾಕ್ಟರ ಸಿಟ್ಟು, ಎಲ್ಲಾ ಇನ್‌ಚಾರ್ಜ್ ತಲೆಗೇ. ತಾನಿದ್ದಾಗ ನಡೆಯೋ ಕೆಲಸ ತಾನಿಲ್ಲದಾಗಲೂ ನಡೆಯೋ ಹಾಗೆ ಮಾಡಬೇಕು ಅಂತ ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿದ್ದರು. ನಮ್ಮಲ್ಲಿ ಇನ್‌ಚಾರ್ಜ್ ರಜೆ ಹಾಕಿದ ದಿನ ಬೀರುವಿನ ಕೀ ಕೂಡ ಸಿಗಲ್ಲ!

ಇಬ್ಬರಿಗೂ ಒಂದೊಂದು ತಿಂಗಳು ಆಕ್ಟಿಂಗ್ ಇನ್‌ಚಾರ್ಜ್ ಕೊಟ್ಟು ನೋಡೋಣ ಅಂತಿದ್ದೀನಿ. ಯಾರಾದರೂ ಹೀಗೆ ಮಾಡಿದ್ದೀರಾ? ಸಂದರ್ಶನದಲ್ಲಿ ಏನು ಕೇಳ್ತೀರಿ? ರಾತ್ರಿ ಪಾಳಿಗೆ ಇಬ್ಬರು ಗೈರಾದ ರೋಸ್ಟರ್ ಕೊಟ್ಟು ಸರಿಮಾಡಿ ಅನ್ನಬಹುದಾ? ಮುಖ್ಯವಾಗಿ, ಸಿಗದೇ ಹೋದ ಸೀನಿಯರ್ ಸಿಸ್ಟರಿಗೆ ಬೇಜಾರಾಗದ ಹಾಗೆ ಹೇಗೆ ಹೇಳೋದು? ಅವರನ್ನು ಕಳೆದುಕೊಳ್ಳೋಕೆ ನನಗಿಷ್ಟ ಇಲ್ಲ.