ಹಳೇ ಹ್ಯಾಮ್ ರಿಗ್‌ನ (ಹವ್ಯಾಸಿ ರೇಡಿಯೊ ಸೆಟ್‌ನ) ಕೀಪ್ಯಾಡ್, ಡಿಸ್‌ಪ್ಲೇ ಕೈಕೊಟ್ರೆ ಮೊದ್ಲು ಎಲ್ಲಿ ನೋಡ್ಬೇಕು?

ಗಂಗಾವತಿಯಿಂದ ಪ್ರಶ್ನೆ:
ನಮಸ್ಕಾರ್ರೀ ಎಲ್ಲಾರಿಗೂ. ಸೆಕೆಂಡ್ ಹ್ಯಾಂಡ್ ಎಚ್‌ಎಫ್ (ಶಾರ್ಟ್‌ವೇವ್) ಟ್ರಾನ್ಸೀವರ್, ಅಂದ್ರ ಕೇಳಾಕೂ ಮಾತಾಡಾಕೂ ಆಗೋ ರೇಡಿಯೊ, ಒಂದು ತಗೊಂಡೀನಿ. ರಿಸೀವ್ ಚಲೋ ಐತಿ, 40 ಮೀಟರ್ ಬ್ಯಾಂಡ್‌ನಾಗ ಮಂದಿ ಮಾತು ಸ್ವಚ್ಛ ಕೇಳ್ತೈತಿ. ಆದ್ರ ಕೀಪ್ಯಾಡ್‌ನಾಗ 1, 4, 7 ಒತ್ತಿದ್ರ ಏನೂ ಆಗಂಗಿಲ್ಲ, ಉಳಿದವು ಕೆಲಸ ಮಾಡ್ತಾವು. ಮಧ್ಯಾಹ್ನ ಆತಂದ್ರ ಡಿಸ್‌ಪ್ಲೇ ಪೂರ್ತಿ ಕಪ್ಪಾಗಿ ಅಂಕಿ ಕಾಣಂಗಿಲ್ಲ. ರಿಪೇರಿಯವ್ರು ಪ್ರೊಸೆಸರ್ ಹೋಗೈತಿ, ಬೋರ್ಡೇ ಬದಲಿಸ್ಬೇಕು ಅಂತಾರ. ಏನ್ಮಾಡ್ಲಿ?

ರಾಯಚೂರಿಂದ:
ಬೋರ್ಡ್ ಬದಲಿಸಬ್ಯಾಡ್ರಿ ಅಣ್ಣಾ, ತಡೀರಿ. 1, 4, 7 ಮೂರೂ ಒಂದರ ಕೆಳಗೊಂದು ಒಂದೇ ಸಾಲಿನಾಗ ಅದಾವ ನೋಡ್ರಿ, ರೋಗ ಎಲ್ಲದ ಅಂತ ಅದೇ ಹೇಳ್ತದ. ಕೀಪ್ಯಾಡ್‌ನಾಗ ಒಂದೊಂದು ಬಟನ್‌ಗೆ ಒಂದೊಂದು ವೈರ್ ಎಳದಿರಂಗಿಲ್ಲ, ಅಡ್ಡ ಲೈನ್ ನಾಕು ಉದ್ದ ಲೈನ್ ನಾಕು ಹಾಕಿ ಎಂಟೇ ಲೈನ್‌ನಾಗ 16 ಬಟನ್ ಕೂಡಿಸ್ತಾರ, ಇದಕ್ಕ ಮ್ಯಾಟ್ರಿಕ್ಸ್ ಅಂತಾರ. ಉದ್ದ ಲೈನುಗಳು ಪುಲ್-ಅಪ್ ರೆಸಿಸ್ಟರ್‌ನಿಂದ (ಲೈನ್ ಮ್ಯಾಲ ಎಳದು ಹಿಡಿಯೋ ರೆಸಿಸ್ಟರ್) 5 ವೋಲ್ಟ್‌ನಾಗ ನಿಂತಿರ್ತಾವ, ಪ್ರೊಸೆಸರ್ ಅಡ್ಡ ಲೈನುಗಳನ್ನ ಒಂದಾದ ಮ್ಯಾಲ ಒಂದು ಸೊನ್ನೆಗೆ ಎಳಕೋತ ಹೋಗ್ತದ, ನೀವು ಬಟನ್ ಒತ್ತಿದ್ರ ಆ ಉದ್ದ ಲೈನೂ ಕೆಳಗ ಇಳೀತದ, ಯಾವ ಅಡ್ಡಕ್ಕ ಯಾವ ಉದ್ದ ಇಳೀತು ಅನ್ನೋದ್ರಿಂದ ಬಟನ್ ಗುರ್ತು ಸಿಗ್ತದ. ಒತ್ತಿದಾಗ ಕಾಂಟ್ಯಾಕ್ಟ್ ಸ್ವಲ್ಪ ಹೊತ್ತು ಅದುರ್ತದ, ಅದಕ್ಕ 10-20 ಮಿಲಿಸೆಕೆಂಡ್ ಕಾದು ಇನ್ನೊಮ್ಮೆ ನೋಡಿ ಖಾತ್ರಿ ಮಾಡ್ಕೊಂತದ.

ಹಿಂಗಾಗಿ ಒಂದೇ ಬಟನ್ ಸತ್ರ ಅದರ ಕಾಂಟ್ಯಾಕ್ಟ್ ಮ್ಯಾಲ ಸಂಶಯ, ಪೂರಾ ಸಾಲು ಸತ್ರ ಲೈನ್ ಎಲ್ಲೋ ಕಟ್ ಆಗ್ಯದ. ಸಪ್ಲೈ ತಗದು, ಮಲ್ಟಿಮೀಟರ್ ಬಝರ್‌ನಾಗ ಇಟ್ಟು 1, 4, 7ಕ್ಕ ಕೂಡಿರೋ ಟ್ರ್ಯಾಕ್‌ನಿಂದ ಪ್ರೊಸೆಸರ್ ಕಾಲಿನ ತನಕ ನೋಡ್ಕೋತ ಹೋಗ್ರಿ. ಮುಂದಿನ ಪ್ಯಾನೆಲ್‌ನಿಂದ ಒಳಗ ಹೋಗೋ ಫ್ಲಾಟ್ ಕೇಬಲ್ ಕನೆಕ್ಟರ್‌ನಾಗೇ ಸಡಿಲ ಆಗಿರೋದು ಭಾಳ. ಲೈನ್ ಸರಿ ಇದ್ರ ಆಮ್ಯಾಲ ಸಪ್ಲೈ ಕೊಟ್ಟು ಬಟನ್ ಒತ್ತದೇ ಆ ಲೈನ್‌ನಾಗ 5 ವೋಲ್ಟ್ (ಹೊಸಾ ರಿಗ್ ಆದ್ರ 3.3) ಅದನೋ ಇಲ್ಲೋ ನೋಡ್ರಿ, ಇರಲಿಲ್ಲಂದ್ರ ಪುಲ್-ಅಪ್ ರೆಸಿಸ್ಟರ್ ನೋಡ್ರಿ. ಇಷ್ಟೂ ಸರಿ ಇದ್ದಾಗಷ್ಟೇ ಪ್ರೊಸೆಸರ್ ಕಾಲಿನ ಮಾತು.

ಸಂಡೂರಿಂದ:
ಮೇಲಿನವ್ರು ಹೇಳಿದ್ದು ಸರಿ ಐತೆ. ನಮ್ ಕಡೆ ಗಣಿ ಧೂಳು ಎಲ್ಲಾದ್ರಾಗೂ ಹೋಗಿ ಕೂತ್ಕೊಂತೈತೆ. ರಬ್ಬರ್ ಬಟನ್ ಆದ್ರೆ ಅದರ ಕೆಳಗಿನ ಕಪ್ಪು ಕಾರ್ಬನ್ ಬಿಲ್ಲೆನೂ ಬೋರ್ಡ್ ಮೇಲಿನ ಪ್ಯಾಡೂ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹತ್ತಿ ಬಟ್ಟೆಲಿ ಮೆಲ್ಲಗೆ ಒರೆಸ್ರಿ, ಉಪ್ಪುಕಾಗದ ಹಾಕಿ ಉಜ್ಜಬ್ಯಾಡ್ರಿ, ಕಾರ್ಬನ್ನೇ ಕಿತ್ಕೊಂಡ್ ಬರ್ತೈತೆ. ಇನ್ನೊಂದು, ಕೆಲವು ರಿಗ್‌ನಾಗೆ, ಮೈಕ್ ಮೇಲಿನ ಬಟನ್‌ಗಳಲ್ಲಂತೂ, ಮ್ಯಾಟ್ರಿಕ್ಸ್ ಬದ್ಲು ರೆಸಿಸ್ಟರ್ ಏಣಿ ಇರ್ತೈತೆ. ಒಂದೊಂದು ಬಟನ್‌ಗೆ ಒಂದೊಂದು ವೋಲ್ಟೇಜ್, ಪ್ರೊಸೆಸರ್ ಆ ವೋಲ್ಟೇಜ್ ಅಳೆದು ಬಟನ್ ತಿಳ್ಕೊಂತೈತೆ. ಅಲ್ಲಿ ಕಾಂಟ್ಯಾಕ್ಟ್ ಹೊಲಸಾದ್ರೆ ಒತ್ತೋದು ಅಪ್, ಆಗೋದು ಡೌನ್.

ಸಿಂಧನೂರಿಂದ:
ಡಿಸ್‌ಪ್ಲೇ ಬಗ್ಗೆ ನಾ ಹೇಳ್ತೀನಿ. ಸಂಜಿ ತಂಪಾದ ಮ್ಯಾಲ ತಾನೇ ಸರಿ ಆಗ್ತದಾ? ಹಂಗಾದ್ರ ಎಲ್‌ಸಿಡಿ ಗ್ಲಾಸ್ ಚಲೋ ಅದ. ಬಿಸಿ ಏರಿದಂಗ ಎಲ್‌ಸಿಡಿಗೆ ಕಪ್ಪಾಗೋಕ ಕಮ್ಮಿ ವೋಲ್ಟೇಜ್ ಸಾಕಾಗ್ತದ, ಅದೇ ವೋಲ್ಟೇಜ್ ಕೊಟ್ರ ಬ್ಯಾಡಾದ ಚುಕ್ಕಿನೂ ಕಪ್ಪಾಗ್ತಾವ. ನಮ್ಮ ಬ್ಯಾಸಗಿ 40 ಡಿಗ್ರಿ ದಾಟ್ತದ, ರಿಗ್ ಒಳಗ ಇನ್ನೂ ಜಾಸ್ತಿ. ಮೆನುನಾಗ ಕಾಂಟ್ರಾಸ್ಟ್ ಅದನೋ ಇಲ್ಲಾ ಒಳಗ ಪ್ರೀಸೆಟ್ (ಸ್ಕ್ರೂಡ್ರೈವರ್‌ಲೆ ತಿರುವೋ ಸಣ್ಣ ರೆಸಿಸ್ಟರ್) ಅದನೋ ಹುಡುಕಿ ಇಳಸ್ರಿ.

ಮನ್ಯಾಗ ಕಟ್ಟಿದ ರಿಗ್ ಇರೋರಿಗೂ ಇದು ಉಪಯೋಗ. ಹೈದರಾಬಾದ್‌ನ ಅಶ್ಹರ್ ಫರ್ಹಾನ್ ಅವ್ರು ರೂಪಿಸಿದ ಬಿಟ್‌ಎಕ್ಸ್ 40 ರಿಗ್‌ನಾಗ ಆರ್ಡುಯಿನೊ ನ್ಯಾನೊ (ಪ್ರೊಸೆಸರ್ ಇರೋ ಸಣ್ಣ ಬೋರ್ಡ್) ಜೋಡಿ 16x2 (ಸಾಲಿಗೆ 16 ಅಕ್ಷರದ ಎರಡು ಸಾಲು) ಎಲ್‌ಸಿಡಿ ಅದ, ಅಂಥಾ ಎಲ್‌ಸಿಡಿಗೆ ಮೂರನೇ ಪಿನ್ನೇ ಕಾಂಟ್ರಾಸ್ಟ್, 10ಕೆ ಪ್ರೀಸೆಟ್ ತಿರುವಿದ್ರ ಮುಗೀತು. ಮೇಲಿನ ಸಾಲಿನಾಗ ಬರೇ ಕಪ್ಪು ಡಬ್ಬಿ ನಿಂತ್ರ ಸಪ್ಲೈ ಬಂದದ ಆದ್ರ ಆರ್ಡುಯಿನೊ ಹೇಳಿದ ಮಾತು ಮುಟ್ಟಿಲ್ಲ ಅಂತ ಅರ್ಥ, ಆರ್‌ಎಸ್, ಇ, ಡಿ4 ರಿಂದ ಡಿ7 ಆರು ವೈರ್ ನೋಡ್ರಿ.

ಗಂಗಾವತಿಯಿಂದ:
ಸಂಜಿಕ ಸರಿ ಆಗ್ತೈತ್ರಿ! ಕಾಂಟ್ರಾಸ್ಟ್ ಮೆನುನಾಗ ಐತಿ, ಇಳಿಸಿದೆ, ಅಂಕಿ ಕಾಣಾಕತ್ತಾವು. ಕೀಪ್ಯಾಡ್ ರವಿವಾರ ಬಿಚ್ತೀನಿ. ಇನ್ನೊಂದು ಕೇಳ್ಬೇಕಿತ್ತು, ಪಿಟಿಟಿ (ಮೈಕ್‌ನಾಗಿನ ಮಾತಾಡೋ ಬಟನ್) ಒತ್ತಿ ಮಾತಾಡಿದ್ರ ಒಮ್ಮೊಮ್ಮೆ ಡಿಸ್‌ಪ್ಲೇ ಆರಿ ಮತ್ತ ಹೊತ್ತತೈತಿ, ಇದೂ ಅದೇನಾ?

ರಾಯಚೂರಿಂದ:
ಅದು ಬ್ಯಾರೆ ಅಣ್ಣಾ. 100 ವ್ಯಾಟ್ ರಿಗ್ ಟ್ರಾನ್ಸ್‌ಮಿಟ್ ಆಗೋವಾಗ 20 ಆಂಪಿಯರ್ ಹತ್ರ ಎಳೀತದ, ಸಪ್ಲೈ ವೈರ್ ಸಣ್ಣದಿದ್ರ 13.8 ವೋಲ್ಟ್ ಕುಸಿದು ಪ್ರೊಸೆಸರ್ ರೀಸೆಟ್ ಆಗ್ತದ. ಆಂಟೆನಾ ತಗದು 50 ಓಮ್ ಡಮ್ಮಿ ಲೋಡ್ (ಆಂಟೆನಾ ಬದ್ಲಿಗೆ ಪವರ್ ನುಂಗೋ ರೆಸಿಸ್ಟರ್) ಹಚ್ಚಿ, ರಿಗ್ ಹಿಂದಿನ ಸಪ್ಲೈ ಕನೆಕ್ಟರ್‌ನಾಗೇ ಮೀಟರ್ ಇಟ್ಟು ಪಿಟಿಟಿ ಒತ್ತಿ ಮಾತಾಡಿ ನೋಡ್ರಿ. ವೋಲ್ಟೇಜ್ ಕುಸಿದ್ರ ದಪ್ಪ ವೈರ್ ಹಾಕ್ರಿ. ವೋಲ್ಟೇಜ್ ನಿಂತು, ಆಂಟೆನಾ ಹಚ್ಚಿದಾಗ ಮಾತ್ರ ಹಿಂಗಾದ್ರ ಆರ್‌ಎಫ್ (ನೀವು ಕಳಸೋ ರೇಡಿಯೊ ಸಿಗ್ನಲ್) ವಾಪಸ್ ಒಳಗ ಬರಾಕತ್ತದ, ಕೋಆಕ್ಸ್‌ಗೆ (ಆಂಟೆನಾ ಕೇಬಲ್‌ಗೆ) ಅದನ್ನ ತಡಿಯೋ ಚೋಕ್ ಹಾಕಿ, ಮೈಕ್ ವೈರ್‌ಗೂ ಸಪ್ಲೈ ವೈರ್‌ಗೂ ಫೆರೈಟ್ ಉಂಗುರ ಹಾಕ್ರಿ. ಮೀಟರ್ ಎಷ್ಟು ತೋರಿಸ್ತು ಅಂತ ಇಲ್ಲೇ ಬರೀರಿ, ಮುಂದಿಂದು ನೋಡೋಣು.